ಬರ್ತೀನಿ ಅಂದವರ ಬಾಗಿಲು

ನಮ್ಮೂರಿನಲ್ಲಿ ಯಾರದಾದರೂ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನುವ ರೂಢಿಯಿಲ್ಲ. ಬೇರೆ ಊರುಗಳಲ್ಲಿ ‘ಹೋಗ್ತೀನಿ’ ಅಂದರೆ ಅಪಶಕುನವಂತೆ, ‘ಬಿಡ್ತು ಅನ್ನು’ ಎಂದು ಹಿರಿಯರು ಗದರುತ್ತಾರಂತೆ. ನಮ್ಮಲ್ಲಿ ಗದರಿಸಿಕೊಳ್ಳುವುದು ‘ಬರ್ತೀನಿ’ ಅಂದ ಮಕ್ಕಳು. ಇಲ್ಲಿ ಹೊಸಿಲಲ್ಲಿ ನಿಂತು ಆ ಮಾತು ಆಡಿದರೆ ಆ ಮನೆಯ ಬಾಗಿಲು ಒಂದು ಬೆರಳಿನಷ್ಟು ತೆರೆದುಕೊಳ್ಳುತ್ತದೆ. ಅಂದವರು ತಿರುಗಿ ಬಂದು ಹೊಸಿಲು ದಾಟುವ ತನಕ ಮುಚ್ಚುವುದಿಲ್ಲ. ಅಗುಳಿ ಹಾಕಿ, ಬೆಣೆ ಹೊಡೆಯಿರಿ, ಬಡಗಿಯನ್ನು ಕರೆಸಿ ಕದ ಕೆತ್ತಿಸಿ, ಆ ಒಂದು ಬೆರಳು ಹಾಗೇ ಇರುತ್ತದೆ. ಅಂದವರು ಸತ್ತರೆ ಮಾತ್ರ ಬಾಗಿಲು ತಾನಾಗಿಯೇ ಕೂಡಿಕೊಳ್ಳುತ್ತದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆ ನಮ್ಮಲ್ಲೂ ಇದೆ, ಆದರೆ ಅರ್ಧ ಸುಳ್ಳು. ನಮ್ಮೂರಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಬಾಗಿಲಲ್ಲೇ ನಿಂತಿರುತ್ತದೆ.

ಹಾಗಾಗಿ ನಾವು ‘ಹೊರಟೆ’ ಅನ್ನುತ್ತೇವೆ, ಇಲ್ಲವೇ ‘ಸರಿ ಹಾಗಾದ್ರೆ’ ಎಂದು ತಲೆಯಾಡಿಸಿ ಮೆಟ್ಟಿಲು ಇಳಿಯುತ್ತೇವೆ. ಹೊಸ ಅಳಿಯ ಅತ್ತೆಮನೆಯಿಂದ ಹೊರಡುವಾಗ ಬರ್ತೀನಿ ಅಂದರೆ ಅದು ದೊಡ್ಡ ಮರ್ಯಾದೆ. ಅತ್ತೆ ಅಕ್ಕಪಕ್ಕದವರನ್ನು ಕರೆದು ಬಾಗಿಲ ಸಂದಿ ತೋರಿಸುತ್ತಾಳೆ. ನಾನಂತೂ ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ಹೆಸರು ಸಾವಂತ್ರಿ. ಐವತ್ತೆರಡು ವರ್ಷದಲ್ಲಿ ಯಾರ ಹೊಸಿಲಲ್ಲೂ ಆ ಮಾತು ಆಡಿದವಳಲ್ಲ. ನನ್ನಿಂದ ಯಾರ ಬಾಗಿಲೂ ಸಡಿಲವಾಗಿಲ್ಲ ಅನ್ನುವುದು ನನ್ನ ದೊಡ್ಡ ಹಮ್ಮಾಗಿತ್ತು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡೂ ತಿರುಗುತ್ತಿದ್ದೆ.

ನಾನು ಕೆಲಸ ಮಾಡುವುದು ಹನ್ನೊಂದರ ಮನೆಯಲ್ಲಿ. ಹಳೇ ರೇಷ್ಮೆಗೂಡಿನ ಮಾರುಕಟ್ಟೆಯ ಕಟ್ಟಡ ಅದು. ಅಲ್ಲಿ ಹನ್ನೊಂದು ಜನ ಇರುವುದರಿಂದ ಊರವರು ಹಾಗೆ ಕರೆಯುತ್ತಾರೆ. ಕೆಲವರಿಗೆ ಬುದ್ಧಿ ಬೆಳವಣಿಗೆ ನಿಧಾನ, ಕೆಲವರಿಗೆ ಆಟಿಸಂ. ಎಲ್ಲರೂ ದೊಡ್ಡವರೇ, ಮಕ್ಕಳಲ್ಲ. ಇದನ್ನು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳೀ ಹೇಳೀ ನನ್ನ ಗಂಟಲು ಕೆಟ್ಟಿದೆ. ನಲವತ್ತೈದು ದಾಟಿದ ರೇವಮ್ಮನ ಗಲ್ಲ ಹಿಂಡಿ ‘ಚಿನ್ನು’ ಅನ್ನುತ್ತಾರಲ್ಲ, ಅವರ ಗಲ್ಲ ಹಿಂಡಬೇಕು ಅನಿಸುತ್ತದೆ ನನಗೆ. ರೇವಮ್ಮನಿಗೆ ದಿನಾ ಬೆಳಗ್ಗೆ ತನ್ನ ಬಳೆ ತಾನೇ ಆರಿಸಿಕೊಳ್ಳಬೇಕು, ಅದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಕೊಡಬೇಕು. ಅಡುಗೆಯೂ ನನ್ನದು, ಆರೈಕೆಯೂ ನನ್ನದು, ಬೈಗುಳವೂ ನನ್ನದೇ.

ಕೆಂಪರಾಜ ಅಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಹತ್ತೊಂಬತ್ತರಲ್ಲಿ ಬಂದವನಿಗೆ ಈಗ ಮೂವತ್ತೆಂಟು. ನಾನು ಸೇರಿದ್ದು ಅವನು ಬಂದ ಎರಡು ವರ್ಷದ ನಂತರ. ಅನ್ನಕ್ಕೆ ಸಾರು ತಾಗಿದರೆ ಅವನು ತಟ್ಟೆ ಮುಟ್ಟುವುದಿಲ್ಲ. ಅಂಗಿಯ ಕತ್ತಿನ ಹಿಂದಿನ ಲೇಬಲ್ ಕತ್ತರಿಸಿ ಕೊಡಬೇಕು, ಇಲ್ಲದಿದ್ದರೆ ಅದು ಅವನಿಗೆ ಮುಳ್ಳು. ಮಾತು ಕಡಿಮೆ, ಆಡಿದರೆ ಅಳೆದು ಆಡುತ್ತಾನೆ. ಬೇರೆಯವರು ಆಡಿದ ಮಾತನ್ನೂ ಹಾಗೇ ತೆಗೆದುಕೊಳ್ಳುತ್ತಾನೆ, ಅಕ್ಷರ ಬಿಡದೆ. ಒಂದು ಸಲ ಚಪಾತಿ ಹಿಟ್ಟು ಕಲೆಸುತ್ತಾ ‘ನನ್ನ ತಲೆ ತಿನ್ನಬೇಡ ಮಾರಾಯ’ ಅಂದಿದ್ದೆ. ಅವನು ಗಾಬರಿಯಾಗಿ, ‘ನಾನು ತಿಂದಿಲ್ಲ. ನಾನು ಬಾಳೆಹಣ್ಣು ತಿಂದೆ’ ಅಂದ.

ಇಂಥವನ ಮುಂದೆ ಬಂದವರೆಲ್ಲ ಬರ್ತೀನಿ ಅಂದು ಹೋಗುತ್ತಿದ್ದರು. ನಮ್ಮ ಮನೆಗೆ ಕೆಲಸಕ್ಕೆ ಬರುವವರಲ್ಲಿ ಪರ ಊರಿನವರೇ ಹೆಚ್ಚು. ನಾಲ್ಕು ತಿಂಗಳು ಇರುತ್ತಾರೆ, ಬೇರೆ ಕಡೆ ಒಳ್ಳೆಯ ಕೆಲಸ ಸಿಗುತ್ತದೆ, ಹೊರಡುವ ದಿನ ಕಣ್ಣೀರು ಹಾಕಿ, ‘ಬರ್ತೀನಿ ಕೆಂಪರಾಜು, ನಿನ್ನನ್ನ ನೋಡೋಕೆ ಬಂದೇ ಬರ್ತೀನಿ’ ಎಂದು ಹೋಗುತ್ತಾರೆ. ಅವರು ಸುಳ್ಳುಗಾರರಲ್ಲ, ಆ ಗಳಿಗೆಗೆ ಅದು ನಿಜವೇ. ಆಮೇಲೆ ಮರೆಯುತ್ತಾರೆ. ಬಾಗಿಲು ಮರೆಯುವುದಿಲ್ಲ, ಕೆಂಪರಾಜನೂ ಮರೆಯುವುದಿಲ್ಲ. ಬೆರಳಿಗೆ ಬೆರಳು ಸೇರಿ ನಮ್ಮ ಬಾಗಿಲು ಯಾವಾಗಲೂ ಬಾಯಿ ತೆರೆದುಕೊಂಡೇ ಇತ್ತು. ಆ ಸಂದಿಯಲ್ಲಿ ತೆಳ್ಳಗಿನ ಮನುಷ್ಯ ಅಡ್ಡ ತಿರುಗಿ ತೂರಬಹುದು. ಕೆಂಪರಾಜ ತೆಳ್ಳಗಿದ್ದ. ಒಂದೇ ವರ್ಷದಲ್ಲಿ ಮೂರು ಸಲ ತೂರಿಕೊಂಡು ಹೋದ. ಮೂರು ಸಲವೂ ಅರ್ಧ ಮೈಲಿ ದೂರದ ಗಾಣದ ಸರ್ಕಲ್ಲಿನಲ್ಲಿ ಸಿಕ್ಕ, ರಸ್ತೆ ಅಂಚಿನಲ್ಲಿ ಸುಮ್ಮನೆ ನಿಂತಿದ್ದ. ಅವನ ಫೈಲಿನಲ್ಲಿ ಕೆಂಪು ಮಸಿಯಲ್ಲಿ ಬರೆದರು: ಅಲೆಯುವ ಚಾಳಿ ಇದೆ.

ಮೂರನೇ ಸಲವಾದ ಮೇಲೆ ಇಲಾಖೆಯಿಂದ ತಪಾಸಣೆಗೆ ಚಿತ್ಕಳಾ ಮೇಡಂ ಬಂದರು. ಹೊಸಬರು, ದೂರದೂರಿನವರು, ಶಿಸ್ತಿನ ಹೆಂಗಸು. ಅಡುಗೆಮನೆ ನೋಡಿದರು, ಹಾಸಿಗೆ ಎತ್ತಿ ನೋಡಿದರು, ರೇವಮ್ಮನ ಬಳೆ ಪೆಟ್ಟಿಗೆ ನೋಡಿ ಚೆನ್ನಾಗಿದೆ ಅಂದರು. ಕೊನೆಗೆ ಬಾಗಿಲ ಸಂದಿಗೆ ಬೆರಳಿಟ್ಟು ಅಳೆದರು. ಹದಿಮೂರು.

‘ಇದೇನ್ರೀ ಇದು, ಛತ್ರದ ಬಾಗಿಲಾ?’ ಅಂದರು. ನಮ್ಮ ಮೇಲ್ವಿಚಾರಕ ಹಾಲಪ್ಪ ಸರ್ ಕೈ ಕಟ್ಟಿ ನಿಂತರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಕೆಮ್ಮಿದರೆ ಇವರಿಗೆ ಜ್ವರ ಬರುತ್ತದೆ. ‘ನಲವತ್ತು ದಿನ ಕೊಡ್ತೀನಿ,’ ಅಂದರು ಮೇಡಂ. ‘ಅಷ್ಟರಲ್ಲಿ ಬಾಗಿಲು ಪೂರ್ತಿ ಮುಚ್ಚಬೇಕು. ಇಲ್ಲದಿದ್ರೆ ಈ ಕೆಂಪರಾಜು ಅನ್ನೋರನ್ನ ಗುಡ್ಡದ ಮನೆಗೆ ಸೇರಿಸಬೇಕಾಗುತ್ತೆ. ರಸ್ತೆಯಲ್ಲಿ ಏನಾದ್ರೂ ಆದ್ರೆ ಹೊಣೆ ಯಾರು?’ ಹೇಳಿದ್ದು ತಪ್ಪೇನಲ್ಲ. ಬೀದಿಗಿಳಿದು ಅವರು ಹೋದ ಮೇಲೆ ಹಾಲಪ್ಪ ಸರ್ ಅಲ್ಲೇ ಕುಸಿದು ಕೂತರು, ನಾನು ನೀರು ತರಲು ಓಡಿದೆ.

ಗುಡ್ಡದ ಮನೆಯನ್ನು ನಾನು ನೋಡಿದ್ದೇನೆ. ಅಲ್ಲಿನ ಬಾಗಿಲಿನ ಸಂದಿಯಲ್ಲಿ ಇರುವೆಯೂ ತೂರುವುದಿಲ್ಲ. ಯಾಕೆಂದರೆ ಅಲ್ಲಿಗೆ ಯಾರೂ ನೋಡಲು ಬರುವುದಿಲ್ಲ. ಕೆಲಸದವರು ಪಾಳಿ ಮುಗಿದರೆ ಹಿಂದಿನ ಬಾಗಿಲಿಂದ ಒಂದು ಮಾತಿಲ್ಲದೆ ಹೋಗುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ, ಒಂದೇ ದಿನ ತಲೆಕೂದಲು ಕಟಾವು, ಹನ್ನೆರಡು ಗಂಟೆಗೆ ಎಲ್ಲರ ತಟ್ಟೆಗೂ ಅನ್ನ ಸಾರು ಕಲೆಸಿಯೇ ಬಡಿಸುವುದು. ಹೊಡೆಯುವುದಿಲ್ಲ, ಬೈಯುವುದಿಲ್ಲ, ನೆಲ ಫಳಫಳ. ಪ್ರತಿ ವರ್ಷ ಅವರಿಗೇ ಒಳ್ಳೆಯ ನಿರ್ವಹಣೆಯ ಫಲಕ. ಅಲ್ಲಿ ಕೆಂಪರಾಜ ಒಂದು ವಾರ ಊಟ ಮಾಡುವುದಿಲ್ಲ, ಆಮೇಲೆ ಮಾಡುತ್ತಾನೆ, ಆಮೇಲೆ ಮಾತು ಬಿಡುತ್ತಾನೆ. ಇದು ನನಗೆ ನನ್ನ ಅಂಗೈ ನೋಡಿದಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಆ ರಾತ್ರಿ ಮನೆಗೆ ಹೋಗಿ ಚೆನ್ನಾಗಿ ಅತ್ತೆ.

ಮಾರನೇ ದಿನ ಹಾಲಪ್ಪ ಸರ್ ಎಲ್ಲರನ್ನೂ ಸೇರಿಸಿ ಒಂದು ನಿಯಮ ಮಾಡಿದರು. ಇನ್ನು ಮುಂದೆ ಯಾರೂ ಹೊರಡುವಾಗ ಬಾಯಿ ಬಿಡುವ ಹಾಗಿಲ್ಲ. ಹಿತ್ತಲ ಕಡೆಯಿಂದ ಸದ್ದಿಲ್ಲದೆ ಹೋಗಬೇಕು. ಅಲ್ಲಿ ವಾಸವಾಗಿರುವವರೂ ಪೇಟೆಗೆ ಹೊರಟರೆ ‘ಹೋಗ್ತೀನಿ’ ಅನ್ನಬೇಕು. ಕೆಂಪರಾಜನನ್ನು ಎದುರು ಕೂರಿಸಿಕೊಂಡು ಹತ್ತು ಸಲ ಹೇಳಿಸಿದರು. ‘ಹೋಗ್ತೀನಿ,’ ಅಂದ ಅವನು ಹತ್ತು ಸಲ. ‘ಎಲ್ಲಿಗೆ?’ ಎಂದು ಹನ್ನೊಂದನೇ ಸಲ ಕೇಳಿದ.

ಮೂರು ದಿನ ಹೀಗೆ ನಡೆಯಿತು. ಇದ್ದವರು ಇದ್ದಕ್ಕಿದ್ದಂತೆ ಇರುತ್ತಿರಲಿಲ್ಲ. ರೇವಮ್ಮ ಕೋಣೆ ಕೋಣೆ ಹುಡುಕಿ, ‘ಸತ್ತೋದ್ರಾ?’ ಎಂದು ಕೇಳುತ್ತಿದ್ದಳು. ಪಾತ್ರೆ ತೊಳೆಯುವುದರಲ್ಲಿ ಯಾರಿಗೂ ಬಿಟ್ಟುಕೊಡದ ಉಸ್ಮಾನ್, ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ತೊಳೆಯತೊಡಗಿದ. ಕೆಂಪರಾಜ ಹಿತ್ತಲ ಬಾಗಿಲಿಗೂ ಮುಂದಿನ ಬಾಗಿಲಿಗೂ ಓಡಾಡಿ, ಕಡೆಗೆ ಮುಂದಿನ ಹೊಸಿಲ ಪಕ್ಕ ಕೂತು ಗೋಡೆಗೆ ಹಣೆ ಕುಟ್ಟತೊಡಗಿದ. ನಾನು ಗೋಡೆಗೂ ಅವನ ಹಣೆಗೂ ನಡುವೆ ನನ್ನ ಅಂಗೈ ಇಟ್ಟೆ. ಅದು ಕೆಂಪಾಗುವ ತನಕ ಇಟ್ಟುಕೊಂಡೇ ಇದ್ದೆ. ಆಮೇಲೆ ನೇರವಾಗಿ ಆಫೀಸ್ ಕೋಣೆಗೆ ಹೋದೆ.

‘ಸರ್, ಇವನು ಗುಡ್ಡದ ಮನೆಗೆ ಹೋಗಬಾರದು ಅಂತ ನೀವು ಈ ಮನೇನೇ ಗುಡ್ಡದ ಮನೆ ಮಾಡ್ತಾ ಇದ್ದೀರಿ.’

‘ಮತ್ತೇನ್ ಮಾಡ್ಲಿ ಸಾವಂತ್ರಮ್ಮ? ಆ ಬಾಗಿಲು ಮುಚ್ಚೋಕೆ ಇನ್ಯಾವ ದಾರಿ ಇದೆ?’

‘ಇರೋದು ಒಂದೇ ದಾರಿ. ಬರ್ತೀನಿ ಅಂದೋರು ಬರಬೇಕು.’

ಅವರು ನಕ್ಕರು. ಯಾರು ಯಾರು ಅಂದಿದ್ದಾರೋ ಯಾರಿಗೆ ಗೊತ್ತು ಅಂದರು. ನನಗೆ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದವನು ಹೊಸಿಲ ಬಳಿ ಕೂತಿದ್ದ. ಹೋಗಿ ಅವನ ಎದುರು ನೆಲದ ಮೇಲೆ ಕೂತೆ. ‘ಕೆಂಪರಾಜ, ಈ ಬಾಗಿಲಲ್ಲಿ ಬರ್ತೀನಿ ಅಂತ ಹೇಳಿ ಬಾರದೇ ಇದ್ದೋರು ಯಾರ್ಯಾರು?’ ಅಂದೆ. ಇಷ್ಟು ವರ್ಷದಲ್ಲಿ ಅವನ ಹತ್ತಿರ ಇದನ್ನು ಯಾರೂ ಕೇಳಿರಲಿಲ್ಲ. ಅವನು ಕುಟ್ಟುವುದನ್ನು ನಿಲ್ಲಿಸಿದ. ‘ಸೌಭಾಗ್ಯ. ಮಾರ್ಚ್ ಹನ್ನೆರಡು, ಗುರುವಾರ. ಹಳದಿ ಚೂಡಿದಾರ,’ ಎಂದು ಶುರು ಮಾಡಿದ. ನಾನು ಹಾಲಿನ ಚೀಟಿಯ ಹಿಂದೆ ಬರೆದುಕೊಂಡೆ. ಹದಿಮೂರು ಹೆಸರು ಹೇಳಿ ನಿಲ್ಲಿಸಿದ. ಮೇಡಂ ಅಳೆದದ್ದೂ ಹದಿಮೂರು ಬೆರಳು.

ಹುಡುಕಾಟಕ್ಕೆ ಅವನನ್ನೂ ಕರೆದುಕೊಂಡೇ ಹೋಗುತ್ತಿದ್ದೆ. ಮುಖ ಗುರುತು ಹಿಡಿಯಲು ಅಂತ ಸರ್‌ಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಅವನು ಪಕ್ಕದಲ್ಲಿದ್ದರೆ ಯಾರಿಗೂ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಹಿಂದೆ ನಮ್ಮಲ್ಲಿ ಕೆಲಸಕ್ಕಿದ್ದ ಸೌಭಾಗ್ಯ ಈಗ ಬೇಕರಿಯಲ್ಲಿದ್ದಳು. ಅವಳು ಬನ್ನಿನ ತಟ್ಟೆ ಹಿಡಿದು ಹೊರಬಂದಾಗ ಕೆಂಪರಾಜ ಎದುರು ನಿಂತು, ಸಿಟ್ಟಿಲ್ಲ ಬೇಸರವಿಲ್ಲ, ಬಸ್ಸಿನ ವೇಳೆ ಹೇಳುವವನ ಹಾಗೆ, ‘ಸೌಭಾಗ್ಯ, ಬರ್ತೀನಿ ಅಂದಿದ್ರಿ,’ ಅಂದ. ಅವಳು ತಟ್ಟೆ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವತ್ತು ಸಂಜೆಯೇ ಬಂದಳು. ಅವಳು ಹೊಸಿಲು ದಾಟುತ್ತಿದ್ದಂತೆ ಬಾಗಿಲು ಕಿರ್ ಎಂದು ಒಂದು ಬೆರಳು ಒಳಸರಿಯಿತು. ಉಸ್ಮಾನ್ ಕೈಯಲ್ಲಿದ್ದ ಸೌಟನ್ನು ಬಕೆಟ್ಟಿಗೆ ಬಡಿದು ಸಂಭ್ರಮಪಟ್ಟ.

ಐದು ಬೆರಳು ಒಂದೇ ಗುಂಪಿನದು. ಯಾವುದೋ ಕಾಲೇಜಿನ ಐದು ಹುಡುಗಿಯರು ಒಂದು ಮಧ್ಯಾಹ್ನ ಬಂದು, ಕೇಕ್ ಕತ್ತರಿಸಿ, ಫೋಟೋ ಹೊಡೆಸಿಕೊಂಡು, ಹೊರಡುವಾಗ ಐವರೂ ಒಟ್ಟಿಗೆ ‘ಬರ್ತೀವಿ’ ಎಂದು ಕೂಗಿ ಹೋಗಿದ್ದರು. ಈಗ ಒಬ್ಬಳು ತುಂಬಿದ ಬಸುರಿ. ಐವರನ್ನೂ ಕೂಡಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆಯಿತು. ರೇವಮ್ಮನ ಅಣ್ಣ ಚೆನ್ನಿಗರಾಯ ಮೇಷ್ಟ್ರು, ‘ನಾನೆಲ್ಲಿ ಅಂದೆ? ನಾನು ಅನ್ನಲೇ ಇಲ್ಲ’ ಎಂದು ಜಗಳಕ್ಕೇ ನಿಂತರು. ಕೆಂಪರಾಜ, ‘ಆಗಸ್ಟ್ ಮೂರು. ಭಾನುವಾರ. ಅಂಗಿ ಜೇಬಿನಲ್ಲಿ ಎರಡು ಪೆನ್ನು,’ ಅಂದ ಮೇಲೆ ಜೇಬು ಮುಟ್ಟಿ ನೋಡಿಕೊಂಡು ಸುಮ್ಮನಾದರು. ಬಂದು ತಂಗಿಯ ಪಕ್ಕ ಕೂತು, ಅವಳು ಒಂದೊಂದಾಗಿ ತೋರಿಸಿದ ಬಳೆಗಳನ್ನೆಲ್ಲ ನೋಡಿದರು. ಎದ್ದು ಹೋಗುವಾಗ ಅವರಿಗೂ ಕಣ್ಣು ಒದ್ದೆಯಾಗಿತ್ತು. ಬಂದವರಿಗೆಲ್ಲ ನಾನು ಮುಂಚೆಯೇ ಎಚ್ಚರಿಕೆ ಕೊಡುತ್ತಿದ್ದೆ, ಹೊರಡುವಾಗ ನಿಜ ಇದ್ದರೆ ಅನ್ನಿ, ಇಲ್ಲವಾದರೆ ‘ಹೊರಟೆ’ ಅನ್ನಿ, ಅವನು ತಡೆದುಕೊಳ್ಳುತ್ತಾನೆ. ಎಲ್ಲರೂ ಹೊರಟೆ ಅಂದೇ ಹೋದರು, ಅವನು ಪ್ರತಿ ಸಲ ತಲೆಯಾಡಿಸಿ ಒಳಗೆ ಹೋದ. ನಿಜ ಅವನಿಗೆ ಕಷ್ಟವೇ ಅಲ್ಲ.

ಈ ಓಡಾಟದಲ್ಲಿ ಗಾಣದ ಸರ್ಕಲ್ ದಾಟುವಾಗೆಲ್ಲ ಅವನು ನನ್ನ ಕೈಯನ್ನು ಎಡಕ್ಕೆ ಎಳೆಯುತ್ತಿದ್ದ. ನಮ್ಮ ಬಸ್ ಸಿಗುವುದು ಬಲಕ್ಕೆ. ‘ಆ ಕಡೆ ಏನಿದೆ ನಿಂಗೆ, ಬಾ ಈ ಕಡೆ,’ ಎಂದು ಎಳೆದುಕೊಂಡು ಹೋಗುತ್ತಿದ್ದೆ. ಅವನು ಬರುತ್ತಿದ್ದ.

ಮೂವತ್ತೆಂಟನೇ ದಿನ ಹದಿಮೂರನೆಯವರು ಬಂದು ಹೋದರು. ನಾವೆಲ್ಲ ಬಾಗಿಲ ಮುಂದೆ ಸೇರಿದೆವು. ಹಾಲಪ್ಪ ಸರ್ ಕದ ತಳ್ಳಿದರು. ಮುಚ್ಚಲಿಲ್ಲ. ಒಂದು ಬೆರಳು ಉಳಿದಿತ್ತು. ಮತ್ತೆ ತಳ್ಳಿದರು, ಭುಜ ಕೊಟ್ಟು ತಳ್ಳಿದರು. ಒಂದು ಬೆರಳು. ‘ಕೆಂಪರಾಜ, ಇನ್ಯಾರು?’ ಎಂದು ಕೇಳಿದೆ. ‘ಯಾರೂ ಇಲ್ಲ. ಬಾರದೇ ಇದ್ದೋರು ಮುಗೀತು,’ ಅಂದ. ಅವನ ಲೆಕ್ಕ ತಪ್ಪಿದ್ದನ್ನು ನಾನು ಹದಿನೇಳು ವರ್ಷದಲ್ಲಿ ಕಂಡಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗ ಸರ್ ಮೆಲ್ಲಗೆ, ‘ಅವನ ತಾಯಿ ಇರಬಹುದಾ? ಬಿಟ್ಟು ಹೋದ ದಿನ ಅಂದಿರಬಹುದು. ಅಮ್ಮನ ಹೆಸರು ಹೇಳೋಕೆ ಅವನಿಗೆ ಕಷ್ಟ ಆಗಿರಬಹುದು,’ ಅಂದರು. ಹಳೆಯ ಫೈಲಿನಲ್ಲಿ ವಿಳಾಸವಿತ್ತು. ಹೊಂಬಾಳಮ್ಮ, ಬಳೆಗಾರರ ಬೀದಿ. ಇದೇ ಊರು. ಗಾಣದ ಸರ್ಕಲ್ಲಿನಿಂದ ಎಡಕ್ಕೆ.

ಮಾರನೇ ದಿನ ಮಧ್ಯಾಹ್ನ ನಾನೊಬ್ಬಳೇ ಹೋದೆ. ತಪಾಸಣೆಯ ಹಿಂದಿನ ದಿನ ಕೆಂಪರಾಜನನ್ನು ಹೊರಗೆ ಕಳಿಸಲು ಸರ್ ಒಪ್ಪಲಿಲ್ಲ. ಬೀದಿಯ ಕೊನೆಯಲ್ಲಿ ಒಂದು ಕೋಣೆಯ ಮನೆ. ಬಾಗಿಲು ಒಂದು ಬೆರಳು ತೆರೆದಿತ್ತು. ಒಳಗೆ ಎಪ್ಪತ್ತರ ಹೆಂಗಸು ಬಾಗಿಲಿಗೆ ಮುಖ ಮಾಡಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು, ಸುತ್ತ ಲಂಗದ ಬಟ್ಟೆಗಳು. ಗಟ್ಟಿ ದನಿ. ‘ಅಳತೆ ಬ್ಲೌಸ್ ತಂದಿದ್ದೀಯೇನಮ್ಮ?’ ಎಂದು ಕೇಳಿದರು. ನಾನು ಎಲ್ಲಿಂದ ಬಂದೆ ಎಂದು ಹೇಳಿದೆ. ಮಿಷನ್ ನಿಂತಿತು.

‘ಇದ್ದಾನೆ ತಾನೆ?’ ಅಂದರು.

‘ಇದ್ದಾನೆ ಅಮ್ಮ. ಚೆನ್ನಾಗಿದ್ದಾನೆ.’

‘ಗೊತ್ತು,’ ಎಂದು ಬಾಗಿಲ ಕಡೆ ನೋಡಿದರು. ‘ಆದ್ರೂ ಕೇಳ್ದೆ.’

ನಾನು ಬಂದ ವಿಷಯ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ‘ನಾನು ಅಲ್ಲಿ ಬರ್ತೀನಿ ಅನ್ನಲಿಲ್ಲ ಕಣಮ್ಮ. ಈ ಊರಿನ ಸೊಸೆ ನಾನು, ನಂಗೊತ್ತಿಲ್ವಾ? ಹೋಗ್ತೀನಿ ಕೆಂಪ ಅಂತಲೇ ಅಂದೆ. ಆವಾಗ ಇದ್ದ ಸಾಹೇಬ್ರು, ಸ್ವಲ್ಪ ದಿನ ಬರಬೇಡಿ, ನಿಮ್ಮನ್ನ ನೋಡಿದ್ರೆ ಒಗ್ಗಿಕೊಳ್ಳಲ್ಲ ಅಂದ್ರು. ಸ್ವಲ್ಪ ದಿನ ಅಂದ್ರೆ ಎಷ್ಟು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವರ್ಷ ಆಯ್ತು. ಆಮೇಲೆ ಯಾವ ಮುಖ ಇಟ್ಕೊಂಡು ಹೋಗಲಿ ಅನ್ನಿಸ್ತು. ಹಂಗೇ ಆಗೋಯ್ತು.’

‘ಮತ್ತೆ ಈ ಬಾಗಿಲು?’

‘ಇದು ಅವನದು. ಮನೆ ಬಿಡೋ ದಿನ ಈ ಹೊಸಿಲಲ್ಲಿ ನಿಂತ್ಕೊಂಡು ಅವನೇ ಅಂದ. ಅಮ್ಮ, ಬರ್ತೀನಿ ಅಂತ.’ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟರು. ‘ಬೆಳಗ್ಗೆ ಎದ್ದು ದೇವರ ಮುಖ ನೋಡಲ್ಲ ನಾನು, ಬಾಗಿಲು ನೋಡ್ತೀನಿ. ಸಂದಿ ಇದ್ರೆ ಮಗ ಇದ್ದಾನೆ.’

ಆಗ ನನಗೆ ಗಾಣದ ಸರ್ಕಲ್ ನೆನಪಾಯಿತು. ‘ಅಮ್ಮ, ಆ ಸರ್ಕಲ್ ಮುಂಚೆ ಹೇಗಿತ್ತು?’ ಎಂದು ಕೇಳಿದೆ. ‘ಸರ್ಕಲ್ ಎಲ್ಲಿತ್ತು? ಹುಣಸೆಮರ ಇತ್ತು. ಮರದ ಬುಡದಿಂದ ಈ ಕಡೆ ಓಣಿ. ರಸ್ತೆ ಅಗಲ ಮಾಡಿ ಮರ ಕಡಿದು ಹನ್ನೆರಡು ವರ್ಷ ಆಯ್ತು,’ ಅಂದರು. ಲಂಗದ ಬಟ್ಟೆಗಳ ನಡುವೆಯೇ ಕೂತುಬಿಟ್ಟೆ. ಅವನು ಅಲೆಯಲು ಹೋಗಿರಲಿಲ್ಲ. ಮೂರು ಸಲವೂ ಆಡಿದ ಮಾತು ನಡೆಸಲು ಹೊರಟಿದ್ದ. ಅವನಿಗೆ ಗೊತ್ತಿದ್ದ ಮರ ಇರಲಿಲ್ಲ, ವಾಹನ ನುಗ್ಗುವ ರಸ್ತೆ ದಾಟಲು ಧೈರ್ಯವಿರಲಿಲ್ಲ, ಆದ್ದರಿಂದ ಅಲ್ಲೇ ನಿಂತಿದ್ದ. ನಾವು ಹೋಗಿ ಅವನನ್ನು ಎಳೆದು ತಂದು ಕೆಂಪು ಮಸಿಯಲ್ಲಿ ಚಾಳಿ ಎಂದು ಬರೆದೆವು. ನಾನಂತೂ ಕೈ ಹಿಡಿದು ಬಲಕ್ಕೆ ಎಳೆದವಳು. ಈ ಬಾಗಿಲಲ್ಲಿ ಯಾರು ಅಂದರು ಎಂದು ಕೇಳಿದ್ದೆ, ಅವನು ಆ ಬಾಗಿಲಿನದನ್ನಷ್ಟೇ ಹೇಳಿದ್ದ. ನೀನು ಯಾವ ಬಾಗಿಲಲ್ಲಿ ಅಂದೆ ಎಂದು ನಾನು ಕೇಳಿದ್ದರೆ ತಾನೆ? ನಾಚಿಕೆಯಿಂದ ಆ ತಾಯಿಯ ಮುಖ ನೋಡಲಾಗಲಿಲ್ಲ. ನಾಳೆ ಮಗ ಎಲ್ಲಿರುತ್ತಾನೋ ಗೊತ್ತಿಲ್ಲದೆ ಏನನ್ನೂ ಹೇಳುವ ಹಾಗಿರಲಿಲ್ಲ. ‘ಹೊರಟೆ ಅಮ್ಮ,’ ಎಂದು ಎದ್ದು ಬಂದೆ.

ನಲವತ್ತನೇ ದಿನ ಬೆಳಗ್ಗೆ ಕೆಂಪರಾಜನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ ಇಡಿ ಎಂದು ಸರ್ ಹೇಳಿದರು. ನಾನು ಒಂದೊಂದೇ ಅಂಗಿಯ ಕತ್ತು ಸವರಿ, ಲೇಬಲ್ ಉಳಿದಿಲ್ಲವೆಂದು ನೋಡಿ ನೋಡಿ ಮಡಿಸಿದೆ. ಗುಡ್ಡದ ಮನೆಯಲ್ಲಿ ಅವರದೇ ಬಟ್ಟೆ ತೊಡಿಸುತ್ತಾರೆ ಎಂದು ಗೊತ್ತಿದ್ದೂ ಮಡಿಸಿದೆ.

ಜೀಪು ಬಂದು ನಿಂತಿತು. ಚಿತ್ಕಳಾ ಮೇಡಂ ಇಳಿದು ಮೆಟ್ಟಿಲು ಹತ್ತಿ, ಹೊಸಿಲಿನ ಆಚೆಯೇ ನಿಂತು ಸಂದಿಗೆ ಬೆರಳಿಟ್ಟರು. ‘ತುಂಬ ಕಮ್ಮಿ ಮಾಡಿದ್ದೀರಿ,’ ಅಂದರು. ‘ಆದ್ರೆ ನಾನು ಹೇಳಿದ್ದು ಪೂರ್ತಿ ಮುಚ್ಚಬೇಕು ಅಂತ.’ ಅವರ ದನಿಯಲ್ಲೂ ಖುಷಿಯೇನೂ ಇರಲಿಲ್ಲ. ಫೈಲು ತೆರೆದು ಪೆನ್ನು ತೆಗೆದರು. ಹಾಲಪ್ಪ ಸರ್ ನೆಲ ನೋಡುತ್ತಿದ್ದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಕೆಂಪರಾಜ ಒಳಗಿನಿಂದ ಬಂದ. ಗೋಡೆಯ ಗಡಿಯಾರ ನೋಡಿದ. ‘ಹತ್ತು ಗಂಟೆ. ಚಿತ್ಕಳಾ ಮೇಡಂ. ನಲವತ್ತನೇ ದಿನ ಹತ್ತು ಗಂಟೆಗೆ ಬರ್ತೀನಿ ಅಂದಿದ್ರಿ. ಬಂದ್ರಿ,’ ಅಂದ. ಆಮೇಲೆ, ಈ ಮನೆ ತನ್ನದು ಎಂಬ ಗತ್ತಿನಲ್ಲಿ, ‘ಒಳಗೆ ಬನ್ನಿ,’ ಅಂದ.

ಮೇಡಂ ಏನೂ ತೋಚದೆ ಒಂದು ಹೆಜ್ಜೆ ಒಳಗಿಟ್ಟರು. ಅವರ ಹಿಂದೆ ಬಾಗಿಲು ಟಪ್ ಎಂದು ಮುಚ್ಚಿಕೊಂಡಿತು.

ಮೊದಲು ನಕ್ಕವಳು ರೇವಮ್ಮ. ಆಮೇಲೆ ಹಾಲಪ್ಪ ಸರ್ ಎಂಥ ನಗು ನಕ್ಕರೆಂದರೆ ಕನ್ನಡಕ ಬಿದ್ದುಹೋಯಿತು. ಅವತ್ತು ಬೀದಿಗಿಳಿಯುವ ಮುಂಚೆ ಆ ಮಾತನ್ನು ಮೇಡಂ ಇದೇ ಹೊಸಿಲಲ್ಲಿ ಆಡಿದ್ದರು, ಭಯದಲ್ಲಿದ್ದ ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ‘ಮೊದಲೇ ಯಾಕೋ ಹೇಳಲಿಲ್ಲ?’ ಎಂದು ಕೆಂಪರಾಜನ ಮೇಲೆ ರೇಗಿದೆ, ಅಳುತ್ತಲೇ. ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ. ‘ನೀವು ಕೇಳಿದ್ದು ಬಾರದೇ ಇದ್ದೋರು. ಇವರು ಬರೋರು.’

ಮೇಡಂ ಮುಚ್ಚಿದ ಬಾಗಿಲಿನ ಅಂಚಿಗೆ ಬೆರಳಿಟ್ಟು ನೋಡಿದರು, ಸಂದಿಯಿರಲಿಲ್ಲ. ಅವರು ಕೂತ ಮೇಲೆ ನಾನು ಕೆಂಪರಾಜನ ಫೈಲು ತೆರೆದು ಕೆಂಪು ಮಸಿಯ ಸಾಲಿನ ಮೇಲೆ ಬೆರಳಿಟ್ಟೆ. ‘ಇದು ತಪ್ಪು ಮೇಡಂ. ಚಾಳಿ ಅಲ್ಲ, ಕೊಟ್ಟ ಮಾತು,’ ಎಂದು ಬಳೆಗಾರರ ಬೀದಿಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ಕೆಂಪು ಸಾಲು ಹೊಡೆದು ಹಾಕಿ, ಪಕ್ಕದಲ್ಲಿ ತಮ್ಮ ಕೈಯಿಂದ, ‘ತಾಯಿಯನ್ನು ನೋಡಲು ಹೋಗಬೇಕು. ಜೊತೆಗೆ ಒಬ್ಬರು ಬೇಕು,’ ಎಂದು ಬರೆದರು. ನನ್ನ ಕಡೆ ತಿರುಗಿ, ‘ಇನ್ನೂ ಯಾಕೆ ಕೂತಿದ್ದೀರಿ?’ ಅಂದರು.

ಗಾಣದ ಸರ್ಕಲ್ಲಿನಲ್ಲಿ ಅವನು ಕೈ ಎಡಕ್ಕೆ ಎಳೆದ. ನಾನೂ ಎಡಕ್ಕೇ ತಿರುಗಿದೆ. ಲಾರಿ ಬಸ್ಸು ನೋಡಿಕೊಂಡು ರಸ್ತೆ ದಾಟಿಸಿದೆ. ಆಚೆ ಬದಿ ಮುಟ್ಟಿದ್ದೇ ತಡ ಅವನು ನನ್ನ ಕೈ ಬಿಟ್ಟು ಮುಂದೆ ನಡೆದ, ಓಣಿ ಅವನಿಗೆ ಬಾಯಿಪಾಠ. ಹೊಂಬಾಳಮ್ಮ ಬಾಗಿಲಿಗೆ ಮುಖ ಮಾಡಿಯೇ ಕೂತಿದ್ದರು. ಅವನು ಒಳಗೆ ಹೋದ. ಬಾಗಿಲು ಅವನ ಹಿಂದೆ ಮುಚ್ಚಲು ಹೋಗಿ ನನ್ನ ಮೊಣಕೈಗೆ ತಾಗಿತು. ನಾನು ಸರಸರನೆ ಒಳಗೆ ಬಂದ ಮೇಲೆ ಪೂರ್ತಿ ಮುಚ್ಚಿಕೊಂಡಿತು.

ತಾಯಿ ಮಗ ತಬ್ಬಿಕೊಳ್ಳಲಿಲ್ಲ. ಕೈ ಹಿಡಿಯಬಹುದು, ತಬ್ಬಿದರೆ ಅವನಿಗೆ ಆಗುವುದಿಲ್ಲ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವನು ಮಿಷನ್ ಹತ್ತಿರ ಕೂತು, ಸೂಜಿಯಿಂದ ಜಾರಿದ್ದ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒಂದೇ ಸಲಕ್ಕೆ ಪೋಣಿಸಿದ. ‘ನನ್ನ ಕಣ್ಣಿಗೆ ಆಗಲ್ಲ ಈಗ,’ ಅಂದರು ಅವರು. ಅವನು ಡಬ್ಬಿಯಲ್ಲಿದ್ದ ಸೂಜಿಗಳಿಗೆಲ್ಲ ಒಂದೊಂದಾಗಿ ದಾರ ಪೋಣಿಸಿ ಬಟ್ಟೆಗೆ ಚುಚ್ಚಿಟ್ಟ. ಅವರು ಅವನ ಬೆರಳುಗಳನ್ನೇ ನೋಡುತ್ತಾ ಕೂತರು. ನಡುನಡುವೆ ಮುಚ್ಚಿದ ಬಾಗಿಲನ್ನೂ ನೋಡುತ್ತಿದ್ದರು. ‘ಹತ್ತೊಂಬತ್ತು ವರ್ಷ ಆಯ್ತು ಇದು ಮುಚ್ಚಿದ್ದು ನೋಡಿ,’ ಅಂದರು ನನ್ನ ಕಡೆ ಬಾಗಿ. ‘ಸಂತೋಷವೇ. ಆದ್ರೆ ನಾಳೆ ಬೆಳಗ್ಗೆ ಎದ್ದು ಏನ್ ನೋಡ್ಲಿ ಕಣಮ್ಮ?’

ಸೂಜಿ ಮುಗಿದವು. ಅವನು ಎದ್ದು ಬಾಗಿಲು ತೆರೆದು ಹೊಸಿಲಲ್ಲಿ ನಿಂತ. ಹಾಲಪ್ಪ ಸರ್ ಹತ್ತು ಸಲ ಹೇಳಿಸಿದ ಮಾತು ನನಗೆ ನೆನಪಿತ್ತು, ಅವನು ಹೇಳಿಕೊಟ್ಟದ್ದನ್ನು ಮರೆಯುವವನಲ್ಲ. ಹೊಂಬಾಳಮ್ಮ ಬಟ್ಟೆಯ ಅಂಚನ್ನು ಹಿಂಡುತ್ತಿದ್ದರು.

‘ಅಮ್ಮ, ಬರ್ತೀನಿ. ಭಾನುವಾರ,’ ಅಂದ.

ಅವನು ಮೆಟ್ಟಿಲಿಳಿದ. ನಾನು ಕದ ಎಳೆದು ನೋಡಿದೆ. ಒಂದು ಬೆರಳು ಬಿಟ್ಟು ನಿಂತಿತು. ಆ ತಾಯಿಯ ಮುಖ ಅರಳಿತು, ಮರುಕ್ಷಣ ಬಾಡಿತು. ‘ಆ ದೊಡ್ಡ ರಸ್ತೆ ಅವನೊಬ್ಬನೇ ದಾಟಲ್ಲ ಅಲ್ವೇನಮ್ಮ?’ ಎಂದು ಕೇಳಿದರು. ಅಷ್ಟೇ ಕೇಳಿದರು, ಬೇರೇನೂ ಇಲ್ಲ.

ಇಲ್ಲ, ದಾಟುವುದಿಲ್ಲ. ಅವನ ಮಾತು ನಡೆಯಬೇಕಾದರೆ ಇನ್ನೊಬ್ಬರು ಮಾತು ಕೊಡಬೇಕು. ದಿನಾ ಸಂಜೆ ಅವನ ಹೊಸಿಲಲ್ಲಿ ‘ಹೊರಟೆ’ ಅಂದು ಬಂದವಳು ನಾನು. ಬೆಳಗ್ಗೆ ಕಂಡಾಗ ಅವನು ದಿನಾ ನನ್ನ ಸೆರಗಿನ ತುದಿ ಮುಟ್ಟಿ ನೋಡುತ್ತಿದ್ದ. ಬಟ್ಟೆಯ ಮೇಲಿನ ಆಸೆ ಅಂದುಕೊಂಡಿದ್ದೆ. ಹದಿನೇಳು ವರ್ಷ ಪ್ರತಿ ರಾತ್ರಿ ಅವನು ನನ್ನನ್ನು ಬರುವವರ ಲೆಕ್ಕದಲ್ಲಿ ಇಟ್ಟುಕೊಳ್ಳಲಾರದೆ ಮಲಗಿದ್ದನಲ್ಲ ಎಂದು ಅಲ್ಲಿ ನಿಂತು ಹೊಳೆಯಿತು. ನನ್ನ ಹಮ್ಮಿಗೆ ನಾನೇ ಛೀಮಾರಿ ಹಾಕಿಕೊಂಡೆ. ಆಡಿ ಅಭ್ಯಾಸವಿಲ್ಲದ ಮಾತು ನೋಡಿ, ಕದ ಹಿಡಿದುಕೊಂಡೇ ಆಡಿದೆ.

‘ನಾನೂ ಬರ್ತೀನಮ್ಮ,’ ಅಂದೆ.

ಕದ ನನ್ನ ಕೈಯಲ್ಲಿ ಅಲುಗಿತು. ಕೆಂಪರಾಜ ತಿರುಗಿ ಮೆಟ್ಟಿಲು ಹತ್ತಿ ಬಂದು, ಸಂದಿಗೆ ಬೆರಳಿಟ್ಟು ಅಳೆದು, ‘ಎರಡು,’ ಅಂದ.